ಮರಿ ಕೇಳುವ ಮೊದಲು ತಾಯಿಯನ್ನು ಕೇಳಿ

ಮುಧೋಳ ತಾಲ್ಲೂಕಿನ ನಮ್ಮ ಮನೆಗೆ ನಾಯಿಮರಿಗಾಗಿ ಬರುವ ಫೋನುಗಳಲ್ಲಿ ಎರಡು ಜಾತಿ. ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯವರಾದರೆ "ಅಕ್ಕಾರ, ಮರಿ ಅದಾವೇನ್ರಿ? ಅಪ್ಪ ಯಾರ ಮನೀದು? ಓಟ ಹೆಂಗೈತಿ?" ಎಂದು ಶುರು ಮಾಡುತ್ತಾರೆ. ಬೆಂಗಳೂರಿನವರು "ಮೇಡಂ, ಕಲರ್ ಏನಿದೆ, ರೇಟ್ ಎಷ್ಟು, ಫೋಟೊ ವಾಟ್ಸಾಪ್ ಮಾಡ್ತೀರಾ?" ಅನ್ನುತ್ತಾರೆ. ಹೆತ್ತ ನಾಯಿಗೆ ವಯಸ್ಸೆಷ್ಟು, ಇದು ಅದರ ಎಷ್ಟನೆಯ ಸೂಲು, ಹೋದ ಸೂಲಾಗಿ ಎಷ್ಟು ತಿಂಗಳಾಯಿತು ಎಂದು ಎರಡೂ ಕಡೆಯವರು ಕೇಳುವುದಿಲ್ಲ. ಮಾರುವವರೂ ಹೇಳುವುದಿಲ್ಲ.

ನಮ್ಮ ಭಾಗದ ನಾಯಿಯ ಹೆಸರು ದೊಡ್ಡದಾಗಿದ್ದೂ ಹೀಗೆಯೇ. ಘೋರ್ಪಡೆ ಮಹಾರಾಜರು ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕಥೆಯನ್ನು ಇಲ್ಲಿ ಸಣ್ಣ ಹುಡುಗರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತು. 2016ರಲ್ಲಿ ತಿಮ್ಮಾಪುರದ ಸರ್ಕಾರಿ ಶ್ವಾನ ಕೇಂದ್ರದ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ಮನ್ ಕೀ ಬಾತ್‌ನಲ್ಲಿ ಹೆಸರೆತ್ತಿದ ಮೇಲಂತೂ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಇಷ್ಟೆಲ್ಲದರಲ್ಲಿ ದೊರೆಗೆ ಹೋದ ಜೋಡಿಯನ್ನು ಯಾರ ಹಿತ್ತಲಿನ ಯಾವ ನಾಯಿ ಈದಿತ್ತು ಎಂಬುದನ್ನು ನಾನು ಒಬ್ಬರ ಬಾಯಲ್ಲೂ ಕೇಳಿಲ್ಲ.

ಅಪ್ಪನ ಓಟದ ಮೇಲೆ ಮರಿ ಕೊಳ್ಳುವವರಿಗೆ ಒಂದು ಮಾತು. ಹೆಣ್ಣು ನಾಯಿ ಬೆದೆಗೆ ಬಂದಾಗ ಕಾವಲು ಸ್ವಲ್ಪ ಸಡಿಲವಾದರೂ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟಬಹುದು. ಒಂದು ಉದ್ದ ಮೂತಿಯದು, ಪಕ್ಕದಲ್ಲೇ ಇನ್ನೊಂದು ಬೀದಿಯ ಕರಿಯನ ಮುಖದ್ದು. ಅಪ್ಪ ಯಾರೆಂಬುದು ಮಾಲೀಕ ಹೇಳಿದ ಮಾತು. ತಾಯಿಯಾದರೆ ಕಣ್ಣೆದುರಿಗೇ ಮಲಗಿರುತ್ತದೆ. ಅದನ್ನು ನೋಡದೆ ಹಣ ಕಳಿಸುವುದು ಯಾವ ವ್ಯವಹಾರವೋ ನನಗೆ ತಿಳಿಯದು.

ನಮ್ಮ ಕೆಂಪಿಯ ಈ ಸಲದ ಬಸಿರನ್ನೇ ತೆಗೆದುಕೊಳ್ಳಿ. ಮುಧೋಳ ನಾಯಿ ಎದೆ ಆಳ, ಸೊಂಟ ಹಿಡಿಯಷ್ಟು. ಕ್ರಾಸ್ ಮಾಡಿಸಿ ತಿಂಗಳಾದರೂ ಮೈಯಲ್ಲಿ ಏನೂ ಕಾಣದು. ನಮ್ಮ ಅತ್ತೆ ಮೊಲೆತೊಟ್ಟಿನ ಬಣ್ಣ ನೋಡಿ "ನಿಂತೈತಿ" ಅನ್ನುತ್ತಾರೆ. ಅವರ ಲೆಕ್ಕ ಬಹಳ ಸಲ ಸರಿ ಬರುತ್ತದೆ. ಆದರೆ ಗಬ್ಬ ನಿಲ್ಲದಿದ್ದರೂ ಮೊಲೆ ತುಂಬಿ, ಹಾಲು ಸಹ ಬಂದು, ಚಪ್ಪಲಿಯನ್ನೇ ಮರಿಯೆಂದು ಕಾಯುತ್ತ ಕೂರುವ ನಾಯಿಗಳುಂಟು. ಹಾಗಾಗಿ ತಿಂಗಳ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸುತ್ತೇವೆ. ಎಷ್ಟು ಮರಿ ಎಂಬುದು ಅದರಲ್ಲಿ ನಿಖರವಾಗಿ ಸಿಗುವುದಿಲ್ಲ. 55 ದಿನ ಕಳೆದು ಮರಿಗಳ ಎಲುಬು ಗಟ್ಟಿಯಾದ ಮೇಲೆ ಎಕ್ಸ್‌ರೇ ತೆಗೆಸಿದರೆ ತಲೆ, ಬೆನ್ನುಮೂಳೆ ಎಣಿಸಬಹುದು. ಈ ಎಕ್ಸ್‌ರೇಯನ್ನು ಹಲವರು ದಂಡದ ಖರ್ಚು ಅಂದುಕೊಂಡಿದ್ದಾರೆ. ಒಳಗೆ ಆರಿವೆ ಎಂದು ಗೊತ್ತಿದ್ದರೆ ತಾನೆ ಐದಕ್ಕೆ ನಿಂತಾಗ ಗಾಬರಿಯಾಗುವುದು?

ಆರೈಕೆಯಲ್ಲೂ ನಮ್ಮ ಕಡೆ ಒಂದು ಹಟವಿದೆ. ಬಸುರಿ ಅಂದಕೂಡಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸುವುದು. ಬಸಿರಿನಲ್ಲಿ ಹೊರಗಿನಿಂದ ಬೇಕಾಬಿಟ್ಟಿ ಕ್ಯಾಲ್ಸಿಯಂ ಸುರಿದರೆ, ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ಮೈಯ ಅಭ್ಯಾಸವೇ ಜಡವಾಗುತ್ತದೆ. ಹೆತ್ತ ಮೇಲೆ ಮರಿಗಳು ಜಗ್ಗಿ ಹಾಲು ಕುಡಿಯುವಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ನಾಯಿ ನಡುಗುತ್ತದೆ, ಕಾಲು ಸೆಟೆಯುತ್ತದೆ, ತಡವಾದರೆ ಸಾಯುತ್ತದೆ. ಕೆಂಪಿಗೆ ಕೊನೆಯ ಮೂರು ವಾರ ಜೋಳದ ನುಚ್ಚು, ಮೊಟ್ಟೆ, ಕೋಳಿ ಮಾಂಸ. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು. ಹೊಟ್ಟೆಯಲ್ಲಿ ಮರಿಗಳೇ ಜಾಗ ಹಿಡಿದಿರುವಾಗ ಒಂದೇ ಸಲ ಬೋಗುಣಿ ತುಂಬ ಹಾಕಿದರೆ ತಿನ್ನಲಾರದು.

ದಿನದ ಲೆಕ್ಕ 63 ಅನ್ನುತ್ತಾರೆ. ಆದರೆ ಗಂಡಿನ ಬೀಜ ಹೆಣ್ಣಿನ ಮೈಯಲ್ಲಿ ಕೆಲವು ದಿನ ಜೀವ ಹಿಡಿದಿರುವುದರಿಂದ, ಕ್ರಾಸ್ ಮಾಡಿಸಿದ ದಿನದಿಂದ ಎಣಿಸಿದರೆ 58ರಿಂದ 68ರವರೆಗೆ ಯಾವಾಗಲಾದರೂ ಸೈ. ನಂಬಬೇಕಾದದ್ದು ಥರ್ಮಾಮೀಟರನ್ನು. ನಾಯಿಯ ಮೈ ಸಾಮಾನ್ಯವಾಗಿ 101–102 ಡಿಗ್ರಿ ಇರುತ್ತದೆ. ಅದು 99ಕ್ಕಿಂತ ಕೆಳಗಿಳಿಯಿತೆಂದರೆ ಬಹುಮಟ್ಟಿಗೆ ಒಂದು ದಿನದೊಳಗೆ ಹೆರಿಗೆ.

ಕೆಂಪಿಗೆ ಇಳಿದದ್ದು ಸಂಜೆ. ಮುಂದಿಟ್ಟ ಕೋಳಿಯನ್ನು ಮೂಸಿಯೂ ನೋಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಹಾಸಿದ್ದ ಹಳೆ ಕೌದಿಯನ್ನು ಕೆರೆದು ಕೆರೆದು ಒಂದೆಡೆ ಗುಡ್ಡೆ ಹಾಕಿತು, ತೇಕಿತು, ಮತ್ತೆ ಹರವಿತು. ಅತ್ತೆ ಮಕ್ಕಳನ್ನು ಹೊರಗೆ ದಬ್ಬಿ, "ಬಾಣಂತನದ ಮನಿಯಾಗ ಗದ್ದಲ ಹಾಕಬ್ಯಾಡ್ರಿ" ಅಂದರು. ನಡುರಾತ್ರಿ ದಾಟಿದ ಮೇಲೆ ನೀರಿನ ಚೀಲ ಕಾಣಿಸಿತು. ಮೊದಲ ಮರಿ ಹಿಂಗಾಲು ಮುಂದಾಗಿ ಬಂತು. ದನಕ್ಕೆ ಹೀಗಾದರೆ ಊರೆಲ್ಲ ಓಡಿಬರುತ್ತದೆ. ನಾಯಿಯಲ್ಲಿ ಇದು ಮಾಮೂಲು, ಹೆದರಬೇಕಿಲ್ಲ. ಕೆಂಪಿ ಚೀಲ ಹರಿದು, ಹೊಕ್ಕುಳಬಳ್ಳಿ ಕಡಿದು, ಮಾಸನ್ನು ತಿಂದು, ಮರಿಯನ್ನು ಒರಟಾಗಿಯೇ ನೆಕ್ಕತೊಡಗಿತು. ಆ ಒರಟುತನ ಬೇಕು. ಅದರಿಂದಲೇ ಮರಿ ಉಸಿರೆಳೆಯುವುದು.

ಮೂರನೆಯದು ಸದ್ದಿಲ್ಲದೆ ಬಿತ್ತು. ನಾಲಿಗೆ ನೀಲಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದ ಹಾಗೆ ಜೋತುಬಿದ್ದಿತ್ತು. ಅತ್ತೆ ತಮ್ಮ ಕಾಲದ ರೂಢಿಯಂತೆ ಅದನ್ನು ತಲೆ ಕೆಳಗಾಗಿ ಹಿಡಿದು ಬೀಸಲು ಕೈ ಚಾಚಿದರು. ನಾನು ಕೊಡಲಿಲ್ಲ. ಬೀಸಿದರೆ ಮೂಗಿನ ನೀರೇನೋ ಹೊರಬರಬಹುದು, ಆದರೆ ಮೆದುಳಿಗೆ ಪೆಟ್ಟಾಗಿ ರಕ್ತ ಸೋರುತ್ತದೆಂದು ಪಶುವೈದ್ಯರು ಈಗ ಬೇಡವೆನ್ನುತ್ತಾರೆ. ಮೂಗು ಬಾಯಿ ಒರೆಸಿ, ತಲೆ ತುಸು ಕೆಳಗಿರಿಸಿ, ಒಣ ಟವೆಲಿನಲ್ಲಿ ಬೆನ್ನು ಎದೆ ಉಜ್ಜಿದೆ, ಉಜ್ಜುತ್ತಲೇ ಇದ್ದೆ. ಮೊದಲು ಬಿಕ್ಕಿದಂತೆ ಒಂದು ಉಸಿರು, ಬಹಳ ಹೊತ್ತಿಗೆ ಇನ್ನೊಂದು, ಆಮೇಲೆ ಕೀರಲು ದನಿ. ಅತ್ತೆ ಏನೂ ಅನ್ನದೆ ಎದ್ದುಹೋಗಿ ಚಹಾ ಕಾಯಿಸಿ ತಂದರು.

ಐದು ಮರಿಗಳಾದ ಮೇಲೆ ಕೆಂಪಿ ಮಲಗಿಬಿಟ್ಟಿತು. ಇಂಥ ಹೊತ್ತಿನಲ್ಲೇ ನಮ್ಮ ಸೀಮೆಯಲ್ಲಿ ಎಷ್ಟೋ ನಾಯಿಗಳ ಪ್ರಾಣ ಹೋಗುವುದು. ಎಮ್ಮೆ ಹಾಲು ಬಿಡಲೆಂದು ಕದ್ದುಮುಚ್ಚಿ ಚುಚ್ಚುವ ಅದೇ ಆಕ್ಸಿಟೋಸಿನ್ ಸೂಜಿಯನ್ನು ಬಸುರಿ ನಾಯಿಗೂ ಚುಚ್ಚುತ್ತಾರೆ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ, ಮುಂದೆ ದಾರಿಯಿಲ್ಲದ ಮರಿಯ ಮೇಲೆ ಗರ್ಭಕೋಶ ಹಿಂದಿನಿಂದ ಒತ್ತಿ ಒತ್ತಿ ಹರಿಯುತ್ತದೆ. ಹತ್ತಿರದ ಊರೊಂದರಲ್ಲಿ ಹಾಗೆ ಸತ್ತ ನಾಯಿಯನ್ನು ನಾನು ನೋಡಿದ್ದೇನೆ. ಅದರ ಮಾಲೀಕ ಮರಿಗಳಿಗೆ ಮುಂಗಡ ತೆಗೆದುಕೊಂಡಿದ್ದ, ಅವಸರವಿತ್ತು. ಸೂಜಿ ಚುಚ್ಚಿದವನು ಪಶುವೈದ್ಯನಲ್ಲ. ಎರಡು ಮರಿಗಳ ನಡುವೆ ಎರಡು ತಾಸು ಕಳೆದರೂ ಇನ್ನೊಂದು ಬಾರದಿದ್ದರೆ, ಅರ್ಧ ತಾಸು ಬಿರುಸಾಗಿ ಮುಕ್ಕಿದರೂ ಏನೂ ಕಾಣದಿದ್ದರೆ, ಅಥವಾ ಮೊದಲ ಮರಿಗೂ ಮುಂಚೆ ಹಸಿರು ನೀರು ಕಂಡರೆ, ಗಾಡಿ ಹೂಡಿ ಡಾಕ್ಟರ ಬಳಿಗೆ ಹೋಗಬೇಕು. ನಮ್ಮ ನಾಯಿಗಳ ಮೈಯಲ್ಲಿ ಕೊಬ್ಬಿಲ್ಲದ ಕಾರಣ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ; ಆಪರೇಷನ್ ಮಾಡುವ ಮೊದಲು ಅದನ್ನು ಬಲ್ಲ ಡಾಕ್ಟರಿದ್ದರೆ ಒಳ್ಳೆಯದು. ಕೆಂಪಿಗೆ ಅದೇನೂ ಬೇಕಾಗಲಿಲ್ಲ. ಮುಕ್ಕಾಲು ತಾಸು ದಣಿವಾರಿಸಿಕೊಂಡು ಆರನೆಯದನ್ನು ತಾನೇ ಹಾಕಿತು.

ಈ ಒಂದು ವಿಷಯದಲ್ಲಿ ನಮ್ಮ ನಾಡನಾಯಿ ಪುಣ್ಯವಂತ ಜಾತಿ. ತಲೆ ಸಪೂರ, ಹೆರಿಗೆ ಸಲೀಸು. ಪೇಟೆಯಲ್ಲಿ ಈಗ ಎಲ್ಲರ ತೋಳಲ್ಲಿ ಕಾಣುವ ಫ್ರೆಂಚ್ ಬುಲ್‌ಡಾಗ್‌ನ ಪಾಡು ಬೇರೆ. ಮರಿಯ ತಲೆ ದಪ್ಪ, ತಾಯಿಯ ಸೊಂಟದ ಎಲುಬು ಕಿರಿದು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ತಳಿಯ ಹೆರಿಗೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಿಸೇರಿಯನ್. ಹೊಟ್ಟೆ ಕೊಯ್ಯದೆ ಹೆರಲಾರದ ಪ್ರಾಣಿಯನ್ನು ಚೆಂದಕ್ಕೆಂದು ಹುಟ್ಟಿಸುವುದು ನನಗಂತೂ ಸರಿಕಾಣದು. ಓದುಗರಲ್ಲಿ ಕೆಲವರಿಗೆ ಸಿಟ್ಟು ಬಂದೀತು, ಬರಲಿ.

ಹೆರಿಗೆಗಿಂತ ಕಷ್ಟದ್ದು ಮೊದಲ ವಾರ. ಹುಟ್ಟಿದ ಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳಲು ಬಾರದು. ತಾಯಿ ಹೊಟ್ಟೆಯಡಿ ನೆಕ್ಕದಿದ್ದರೆ ಉಚ್ಚೆಯೂ ಹೊರಬಾರದು. ಮೊದಲ ದಿನದ ಗಿಣ್ಣುಹಾಲು ಕುಡಿಯದ ಮರಿಗೆ ಮುಂದೆ ರೋಗ ತಡೆಯುವ ಬಲ ಕಡಿಮೆ. ಡಿಸೆಂಬರಿನ ನಮ್ಮ ರಾತ್ರಿಗಳಲ್ಲಿ ಹಿಂದೆ ಅರವತ್ತು ವ್ಯಾಟಿನ ಹಳದಿ ಬಲ್ಬು ಇಳಿಬಿಟ್ಟರೆ ಸಾಕಾಗುತ್ತಿತ್ತು. ಈಗ ಅಂಗಡಿಗೆ ಹೋದರೆ ಎಲ್‌ಇಡಿ ಕೊಡುತ್ತಾರೆ. ಅದರಲ್ಲಿ ಬೆಳಕುಂಟು, ಕಾವಿಲ್ಲ. ಕರೆಂಟು ಹೋದಾಗ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಇಟ್ಟೆವು. ಒಂದೊಂದು ಮರಿಯ ಕೊರಳಿಗೆ ಒಂದೊಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ ದಿನಾ ತೂಗಿದೆ. ತೂಕ ಏರುತ್ತಿದ್ದರೆ ಸರಿ, ಹತ್ತು ದಿನದ ಸುಮಾರಿಗೆ ಎರಡರಷ್ಟಾಗಬೇಕು. ಎರಡು ದಿನ ನಿಂತಲ್ಲೇ ನಿಂತರೆ ಆ ಮರಿಯನ್ನು ಎತ್ತಿ, ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚಬೇಕು. ನೀಲಿ ದಾರದ್ದು, ಅದೇ ಸದ್ದಿಲ್ಲದೆ ಬಿದ್ದದ್ದು, ಐದನೆಯ ದಿನದವರೆಗೂ ಹಾಗೇ ಸತಾಯಿಸಿತು.

ಈಗ ಅವಕ್ಕೆ ಕಣ್ಣು ಬಿಟ್ಟು ಒಂದು ವಾರ. ಆಗಲೇ "ಇನ್ನೆರಡು ವಾರಕ್ಕ ಕೊಡ್ತೀರೇನ್ರಿ?" ಎಂಬ ಕೇಳಿಕೆ ಶುರುವಾಗಿದೆ. ನಾಯಿ ಸಾಕಣೆ ಮತ್ತು ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣಿಗೆ ಕ್ರಾಸ್ ಮಾಡಿಸುವಂತಿಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು. ಸಾಕಣೆದಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಬರೆದದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಹಳ್ಳಿಯ ಹಿತ್ತಲಿಗೆ ಬಂದು ಸೂಲು ಎಣಿಸುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ಎಣಿಸಬಲ್ಲವರು ಕೊಳ್ಳುವವರು ಮಾತ್ರ.

ಮೂವತ್ತೈದು ನಲವತ್ತು ದಿನಕ್ಕೇ ಮಾರುವುದರ ಹಿಂದೆ ಒಂದು ಗುಟ್ಟಿದೆ. ಆ ವಯಸ್ಸಿನಲ್ಲಿ ಮುಧೋಳ ಮರಿ ಗುಂಡುಗುಂಡಗೆ, ನೋಡಿದವರು ಎತ್ತಿಕೊಳ್ಳುವಂತಿರುತ್ತದೆ. ಎರಡು ತಿಂಗಳಿಗೆ ಕಾಲು ಉದ್ದವಾಗಿ, ಮೂತಿ ಚೂಪಾಗಿ, ಪಕ್ಕೆ ಕಾಣತೊಡಗುತ್ತದೆ. ಪೇಟೆಯವರು "ಊಟ ಹಾಕಿಲ್ವಾ?" ಅನ್ನುತ್ತಾರೆ, ರೇಟು ಇಳಿಸುತ್ತಾರೆ. ಮಾರುವವನಿಗೆ ಮೂರು ವಾರದ ಮೇವಿನ ಖರ್ಚೂ ಬಿತ್ತು, ಬೆಲೆಯೂ ಬಿತ್ತು. ಆದರೆ ಕಚ್ಚಿದರೆ ಎಷ್ಟು ನೋಯುತ್ತದೆಂದು ಮರಿ ಕಲಿಯುವುದು ಆ ವಾರಗಳಲ್ಲೇ, ಒಡಹುಟ್ಟಿದವುಗಳ ಜೊತೆ ಗುದ್ದಾಡಿ, ತಾಯಿಯ ಗದರಿಕೆ ತಿಂದು. ಪಾರ್ವೊ ಲಸಿಕೆ ಶುರುವಾಗುವುದೂ ಆರರಿಂದ ಎಂಟು ವಾರದ ನಡುವೆ. ಅದಕ್ಕೂ ಮುಂಚೆ ಬಸ್ಸಿನಲ್ಲಿ ರಟ್ಟಿನ ಡಬ್ಬಿಗೆ ಹಾಕಿ ಕಳಿಸಿದ ಮರಿ ರಕ್ತಭೇದಿಯಾಗಿ ಸತ್ತರೆ ಕೊಂಡವರು ತಳಿಯನ್ನು ಬೈಯುತ್ತಾರೆ.

ಗರ್ಭಿಣಿಯರಿಗೆ ಸರ್ಕಾರ ತಾಯಿ ಕಾರ್ಡ್ ಕೊಡುತ್ತದಲ್ಲ, ಅಂಥದೊಂದು ಪುಸ್ತಕವನ್ನು ತಿಮ್ಮಾಪುರದ ಕೇಂದ್ರದವರು ಪ್ರತಿ ಹೆಣ್ಣು ನಾಯಿಗೂ ಮಾಡಬಹುದು. ಹುಟ್ಟಿದ ದಿನ, ಸೂಲಿನ ತಾರೀಖು, ಬದುಕಿದ ಮರಿ, ಸತ್ತ ಮರಿ, ಮೈಕ್ರೊಚಿಪ್ ಸಂಖ್ಯೆ. ಆ ಪುಸ್ತಕವಿಲ್ಲದ ಮರಿಗೆ ಮುಧೋಳದ ಹೆಸರು ಹಚ್ಚಬಾರದು. ಅದು ಆಗುವವರೆಗೆ ನಮ್ಮ ಮನೆಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿದೆ, ಯಾರು ಬಂದರೂ ತೋರಿಸುತ್ತೇನೆ.

"ನಿಮಗ ಹೊಲ ಐತಿ, ಕಬ್ಬು ಐತಿ, ಕಾಯ್ತೀರಿ. ನಮಗ ಮರಿ ಮಾರಿದ ರೊಕ್ಕದಾಗ ಮಕ್ಕಳ ಫೀಜು ಕಟ್ಟಬೇಕು" ಎಂದು ನಮ್ಮ ಓಣಿಯ ತಾಯಿಯೊಬ್ಬರು ಅಂದರು. ಅವರ ಮಾತು ಸುಳ್ಳಲ್ಲ. ಹಿತ್ತಲಲ್ಲಿ ಒಂದೇ ನಾಯಿ ಸಾಕಿದವರ ಮೇಲೆ ನಿಯಮದ ಭಾರವನ್ನೆಲ್ಲ ಹೇರಿ, ಕೊಳ್ಳುವವರು ಚೌಕಾಸಿ ಮಾಡುತ್ತ ಕೂತರೆ ನ್ಯಾಯವಾಗದು. ಅದಕ್ಕೇ ಈ ಸಲ ಕೊನೆಯ ಮೂರು ವಾರದ ಮೊಟ್ಟೆ, ಮಾಂಸ, ಲಸಿಕೆ, ಜಂತಿನ ಔಷಧದ ಖರ್ಚನ್ನು ಮರಿಯ ಬೆಲೆಯ ಕೆಳಗೆ ಬೇರೆ ಬರೆದು ಕೇಳುವವಳಿದ್ದೇನೆ. ಒಪ್ಪುವವರು ಒಪ್ಪಲಿ, ಆ ತಾಯಿಯೂ ಮುಂದಿನ ಸೂಲಿಗೆ ಹಾಗೇ ಕೇಳಲಿ. ಮುಂಗಡವನ್ನು ಮಾತ್ರ ಯಾರಿಂದಲೂ ತೆಗೆದುಕೊಂಡಿಲ್ಲ. ಬಂದು ಕೆಂಪಿಯನ್ನು ನೋಡಿದ ಮೇಲೆ ಕೊಡಲಿ.