ಲೆಕ್ಕದ ಹೆದರಿಕೆ ಯಾರದು?

ವಿದ್ಯಾರ್ಥಿಗಳೇ, ತರಗತಿಯಲ್ಲಿ ಒಬ್ಬ ಆಕಳಿಸಿದರೆ ಸ್ವಲ್ಪ ಹೊತ್ತಿನಲ್ಲೇ ಇನ್ನಿಬ್ಬರು ಬಾಯಿ ತೆರೆಯುವುದನ್ನು ನೀವು ನೋಡಿದ್ದೀರಿ. ಅಂಗನವಾಡಿಯಲ್ಲಿ ಒಂದು ಮಗು ಅಳಲು ಶುರು ಮಾಡಿದರೆ ಪಕ್ಕದ ಮಗುವೂ ರಾಗ ಎಳೆಯುತ್ತದೆ. ಏಕೆ ಅಳುತ್ತೀಯೆ ಎಂದು ಕೇಳಿದರೆ ಅದಕ್ಕೇ ಗೊತ್ತಿರುವುದಿಲ್ಲ. ನೆಗಡಿ ಒಬ್ಬರಿಂದ ಒಬ್ಬರಿಗೆ ದಾಟಲು ವೈರಸ್ ಬೇಕು. ಅಳು, ನಗು, ಭಯ ದಾಟಲು ಕಣ್ಣು ಕಿವಿ ಇದ್ದರೆ ಸಾಕು.

ಇದು ದೊಡ್ಡವರಾದ ಮೇಲೆ ಕಲಿಯುವ ವಿದ್ಯೆಯಲ್ಲ. ಹುಟ್ಟಿ ಒಂದೆರಡು ದಿನವಾದ ಕೂಸುಗಳಿಗೆ ಬೇರೊಂದು ಕೂಸಿನ ಅಳುವನ್ನು ಕೇಳಿಸುವ ಪ್ರಯೋಗಗಳು 1970ರ ದಶಕದಲ್ಲೇ ನಡೆದವು. ಕೂಸುಗಳು ತಾವೂ ಅಳತೊಡಗಿದವು. ಯಂತ್ರದಿಂದ ಮಾಡಿದ, ಅಷ್ಟೇ ಜೋರಾದ ಸದ್ದಿಗೆ ಅವು ಅಷ್ಟು ಅಳಲಿಲ್ಲ. ಸ್ವೀಡನ್ ದೇಶದ ಉಲ್ಫ್ ಡಿಂಬರ್ಗ್ ಎಂಬ ವಿಜ್ಞಾನಿ ಜನರ ಹುಬ್ಬಿಗೂ ಕೆನ್ನೆಗೂ ಎಲೆಕ್ಟ್ರೋಡ್ ಅಂಟಿಸಿ ಮುಖಗಳ ಚಿತ್ರ ತೋರಿಸಿದರು. ನಗುಮುಖ ಕಂಡಾಗ ಕೆನ್ನೆಯ ಸ್ನಾಯು, ಸಿಟ್ಟಿನ ಮುಖ ಕಂಡಾಗ ಹುಬ್ಬಿನ ಸ್ನಾಯು ಅಲುಗಿತು. ಅದೂ ಒಂದು ಸೆಕೆಂಡು ಕಳೆಯುವ ಮೊದಲೇ! ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚಲನೆ ಅದು. (ಇದಕ್ಕೆಲ್ಲ ಮೆದುಳಿನ 'ಕನ್ನಡಿ ನರಕೋಶ'ಗಳೇ ಕಾರಣ ಎಂದು ಬರೆಯುವವರಿದ್ದಾರೆ. 1990ರ ದಶಕದಲ್ಲಿ ಇಟಲಿಯಲ್ಲಿ ಕೋತಿಗಳಲ್ಲಿ ಕಂಡುಬಂದ ಕೋಶಗಳವು. ಎಲ್ಲಕ್ಕೂ ಅವನ್ನೇ ಕಾರಣ ಮಾಡುವುದು ಅವಸರದ ಮಾತು ಎಂದು ನನಗನ್ನಿಸುತ್ತದೆ.)

ಆದರೆ ನಾನು ಹೇಳಹೊರಟಿರುವುದು ಲೆಕ್ಕದ ಹೆದರಿಕೆಯ ವಿಷಯ. ಒಂದನೆಯ ತರಗತಿಯಲ್ಲಿ ಹುಣಸೆಬೀಜ ಎಣಿಸುತ್ತಾ ಹೆದರಿ ಅತ್ತ ಮಗುವನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ. ಅದೇ ಶಾಲೆಯ ಏಳನೆಯ ತರಗತಿಗೆ ಹೋಗಿ "ಯಾರಿಗೆ ಗಣಿತ ಕಷ್ಟ?" ಎಂದು ಕೇಳಿದರೆ ಮೊದಲು ಎರಡು ಕೈ ಏಳುತ್ತವೆ, ಅವನ್ನು ನೋಡಿ ಇಪ್ಪತ್ತು ಏಳುತ್ತವೆ. ನಡುವಿನ ಆರು ವರ್ಷಗಳಲ್ಲಿ ಈ ಭಯ ಎಲ್ಲಿಂದ ಬಂತು? ಜ್ವರ ಬಂದು ಭಿನ್ನರಾಶಿಯ ಪಾಠ ತಪ್ಪಿಸಿಕೊಂಡವರಿದ್ದಾರೆ, ಬೈಸಿಕೊಂಡವರಿದ್ದಾರೆ, ನಿಜ. ಆದರೂ ಅದರಲ್ಲಿ ಬಹುಪಾಲು ನಿಮ್ಮದಲ್ಲ, ದೊಡ್ಡವರಿಂದ ನಿಮಗೆ ಅಂಟಿದ್ದು ಎಂಬುದು ನನ್ನ ಅಭಿಪ್ರಾಯ.

ಭಯ ಹೀಗೆ ಅಂಟುವುದನ್ನು ಅಮೆರಿಕದಲ್ಲಿ ಸೂಸನ್ ಮಿನೇಕಾ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಕೋತಿಗಳಲ್ಲಿ ತೋರಿಸಿದರು. ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿ ಹಾವು ಕಂಡು ಬೆದರುವುದನ್ನು ಅವುಗಳಿಗೆ ತೋರಿಸಿದರು. ಅಷ್ಟೇ ಸಾಕಾಯಿತು! ಹಾವು ಮುಟ್ಟದೆ, ಕಚ್ಚಿಸಿಕೊಳ್ಳದೆ, ಬರೀ ನೋಡಿಯೇ ಅವು ಹಾವಿಗೆ ಹೆದರಲು ಕಲಿತವು. ಇನ್ನು ಕೆಲವು ಕೋತಿಗಳಿಗೆ ಮೊದಲು, ಹಾವಿನೆದುರು ಶಾಂತವಾಗಿರುವ ಕೋತಿಯನ್ನು ತೋರಿಸಿದರು. ಹೆದರುವ ಕೋತಿಯನ್ನು ಆಮೇಲೆ ತೋರಿಸಿದರು. ಇವುಗಳಲ್ಲಿ ಹೆಚ್ಚಿನವಕ್ಕೆ ಭಯ ಅಂಟಲಿಲ್ಲ. ಲಸಿಕೆ ಹಾಕಿದ ಹಾಗೆ!

ಲೆಕ್ಕ ಹಾವಲ್ಲವಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕೋತಿಯೊಂದು ಹೂವಿಗೆ ಹೆದರುತ್ತಿದೆ ಎಂದು ಕಾಣುವಂತೆ ವಿಡಿಯೋ ಜೋಡಿಸಿ ತೋರಿಸಿದಾಗ, ನೋಡಿದ ಕೋತಿಗಳು ಹೂವಿಗೆ ಹೆದರಲಿಲ್ಲ. ಆದರೆ ಕೋತಿಗೆ ಮಾತು ಬಾರದು. ನಮಗೆ ಬರುತ್ತದೆ. "ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಿಲ್ಲ" ಎಂದು ಮಗುವಿನ ಮುಂದೆ ಹೇಳಬಲ್ಲ ಪ್ರಾಣಿ ಮನುಷ್ಯ ಒಬ್ಬನೇ.

ಅಮೆರಿಕದಲ್ಲಿ 1 ಮತ್ತು 2ನೆಯ ತರಗತಿಯ 438 ಮಕ್ಕಳನ್ನು ಒಂದು ಶಾಲಾವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಗಣಿತದ ಭಯವಿರುವ ತಂದೆತಾಯಿ ಮನೆಗೆಲಸದ ಲೆಕ್ಕಗಳಿಗೆ ಪದೇ ಪದೇ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಗಣಿತ ಕಲಿತದ್ದು ಕಡಿಮೆ, ವರ್ಷದ ಕೊನೆಗೆ ಅವರ ಭಯ ಹೆಚ್ಚು. ಅಷ್ಟೇ ಭಯವಿದ್ದು ಸಹಾಯಕ್ಕೆ ಹೆಚ್ಚು ಬಾರದ ತಂದೆತಾಯಿಯ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ. ವಿಚಿತ್ರ ಅಲ್ಲವೆ? ಶಿಕ್ಷಕರೂ ಇದಕ್ಕೆ ಹೊರತಲ್ಲ. 2010ರ ಇನ್ನೊಂದು ಅಧ್ಯಯನದಲ್ಲಿ 17 ಶಿಕ್ಷಕಿಯರ ತರಗತಿಗಳನ್ನು ನೋಡಿದ್ದರು. ಶಿಕ್ಷಕಿಗೆ ಗಣಿತದ ಭಯ ಹೆಚ್ಚಿದ್ದಷ್ಟೂ, ವರ್ಷದ ಕೊನೆಗೆ ಹೆಚ್ಚು ಹುಡುಗಿಯರು ಗಣಿತ ಹುಡುಗರ ವಿಷಯ ಎಂದುಕೊಂಡಿದ್ದರು. ಹಾಗೆಂದುಕೊಂಡ ಹುಡುಗಿಯರೇ ಗಣಿತದಲ್ಲಿ ಹಿಂದೆ ಬಿದ್ದಿದ್ದರು. 17 ಸಣ್ಣ ಸಂಖ್ಯೆ, ಒಪ್ಪುತ್ತೇನೆ. ನನ್ನ ಸಹೋದ್ಯೋಗಿಗಳು ಕೋಪಿಸಿಕೊಳ್ಳಬಾರದು.

ಅಲ್ಲಿನ ಮನೆಗಳು ಬೇರೆ, ನಮ್ಮ ಮನೆಗಳು ಬೇರೆ. ನಿಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಶಾಲೆಯ ಮೆಟ್ಟಿಲನ್ನೇ ಹತ್ತಿರಲಾರರು. "ನನಗೆ ಲೆಕ್ಕ ಬರಲ್ಲ ಸಾರ್, ಮಗಳಿಗೆ ಹೇಗೆ ಬಂದೀತು?" ಎಂದು ಅವರು ಹೇಳುವುದನ್ನು ಪೋಷಕರ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಪಕ್ಕದಲ್ಲೇ ಮಗಳು ನಿಂತಿರುತ್ತಾಳೆ. ಅದೇ ಅಮ್ಮ ಸಂತೆಯಲ್ಲಿ ಕಿಲೋಗೆ 60 ರೂಪಾಯಿಯ ಬೀನ್ಸ್ 350 ಗ್ರಾಂ ತೂಗಿ, 21 ರೂಪಾಯಿ ಎಂದು ಹೇಳಿ, 50ರ ನೋಟಿಗೆ 29 ವಾಪಸು ಕೊಡುತ್ತಾರೆ. ಕಾಗದವಿಲ್ಲ, ಪೆನ್ನಿಲ್ಲ. ಇದು ಲೆಕ್ಕ ಅಲ್ಲದಿದ್ದರೆ ಮತ್ತೇನು? ನಿಮ್ಮ ಅಮ್ಮ ಹಾಗೆ ಹೇಳಿದರೆ ಸುಮ್ಮನಿರಬೇಡಿ. ಸಂತೆಯ ಲೆಕ್ಕವನ್ನು ಹೇಗೆ ಮಾಡಿದೆ ಎಂದು ಕೇಳಿ. ಅವರ ದಾರಿ ನಿಮ್ಮ ಪುಸ್ತಕದ ದಾರಿಗಿಂತ ಚಿಕ್ಕದಿದ್ದರೂ ಇದ್ದೀತು.

ಇನ್ನೊಂದು ಮಾತು. ನಿಮ್ಮ ತಂಗಿಗೋ ತಮ್ಮನಿಗೋ ನೀವೂ ದೊಡ್ಡವರೇ. ಶಾಲೆಯಿಂದ ಬಂದು "ಥೂ, ಗಣಿತ!" ಎಂದು ಚೀಲ ಎಸೆಯುವಾಗ ಎರಡನೆಯ ತರಗತಿಯ ತಂಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಅವಳ ಪಾಲಿಗೆ ಕಾಡಿನಿಂದ ಬಂದ ಕೋತಿ ನೀವೇ. ಬದಲಿಗೆ ಲೆಕ್ಕ ತಪ್ಪಾದಾಗ ಅವಳೆದುರಿಗೇ "ಎಲ್ಲಿ ತಪ್ಪಿದೆ ನೋಡೋಣ" ಎಂದು ರಬ್ಬರ್ ತೆಗೆದುಕೊಂಡರೆ ಅವಳಿಗೆ ಅದೇ ಲಸಿಕೆ.

ಈ ತಿಂಗಳು ಒಂದು ಕೆಲಸ ಮಾಡಿ ನೋಡಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಕಲಂ ಎಳೆಯಿರಿ. ನೀವೇ ಬಿಡಿಸಲು ಹೋಗಿ ತಪ್ಪಿದ ಲೆಕ್ಕಗಳನ್ನು ಎಡಕ್ಕೆ ಬರೆಯಿರಿ. ಬಲಕ್ಕೆ, ಬಿಡಿಸುವ ಮೊದಲೇ ಹೆದರಿಕೆಯಾದ ಲೆಕ್ಕಗಳನ್ನೂ, ಅವು ಕಷ್ಟ ಎಂದು ನಿಮಗೆ ಹೇಳಿದ್ದು ಯಾರು ಎಂಬುದನ್ನೂ ಬರೆಯಿರಿ. ಮೇಷ್ಟ್ರ ಹೆಸರು ಬಂದರೂ ಬರೆಯಿರಿ. ನನ್ನ ಹೆಸರಾದರೂ ಸರಿ.