ಸುಳ್ಳಿಗೆ ಬೇಕಾದ ಜಾಗ

ಈಚೆಗೊಂದು ಸಂಜೆ ಪತ್ರಿಕೋದ್ಯಮದ ಮೂವರು ವಿದ್ಯಾರ್ಥಿಗಳು ವಿಜಯನಗರದ ನನ್ನ ಮನೆಗೆ ಬಂದಿದ್ದರು. ಕಲ್ಪಿತ ಸುದ್ದಿಯೊಂದನ್ನು ಜನರ ನಡುವೆ ಬಿಟ್ಟು, ಎಷ್ಟು ಮಂದಿ ನಂಬುತ್ತಾರೆ, ಎಷ್ಟು ಮಂದಿ ವಿಚಾರಿಸುತ್ತಾರೆ ಎಂದು ಗುರುತು ಹಾಕಿಕೊಳ್ಳುವುದು ಅವರ ಹವಣು. ಸುದ್ದಿ ಸಿದ್ಧವಾಗಿತ್ತು: ಯಾರೋ ಮಗುವೊಂದನ್ನು ಎತ್ತಿಕೊಂಡು ಹೋದರೆಂಬುದು. ಬೇಕಾದದ್ದು ಜಾಗ. ಕಾಲೇಜಿನ ಸಭಾಂಗಣದಲ್ಲಾದರೆ ನಾಟಕವೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಆದುದರಿಂದ ವಿಜಯನಗರದ ಬಸ್ ನಿಲ್ದಾಣವಾದೀತೇ, ರಾಜಾಜಿನಗರದ ನವರಂಗ್ ವೃತ್ತವಾದೀತೇ ಎಂದು ನನ್ನನ್ನು ಕೇಳಿದರು.

ಜಾಗದ ಮಹತ್ತ್ವವನ್ನು ಅವರು ಸರಿಯಾಗಿಯೇ ಕಂಡಿದ್ದರು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೋದಲ್ಲಿ ಪ್ರಸಾರ ಮಾಡಿದ ಮಂಗಳಗ್ರಹದವರ ದಾಳಿಯ ಮೂಲ ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ. ರೇಡಿಯೋ ರೂಪ ಬರೆದ ಹೋವರ್ಡ್ ಕಾಚ್ ನ್ಯೂಜೆರ್ಸಿಯ ನಕ್ಷೆಯನ್ನು ಹರಡಿ, ಕಣ್ಣು ಮುಚ್ಚಿ ಪೆನ್ಸಿಲ್ ಊರಿ, ಗ್ರೋವರ್ಸ್ ಮಿಲ್ ಎಂಬ ಹಳ್ಳಿಯನ್ನು ಆರಿಸಿದ. ಅಂದಿನ ಗಾಬರಿಯನ್ನು ಪತ್ರಿಕೆಗಳು ಬಹಳವಾಗಿ ಹಿಗ್ಗಿಸಿದವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ, ಇರಲಿ. 1949ರ ಫೆಬ್ರವರಿಯಲ್ಲಿ ಈಕ್ವೆಡಾರಿನ ಕೀಟೋ ನಗರದಲ್ಲಿ ಅದೇ ಕಥೆಯನ್ನು ನೆರೆಯ ಊರಿನ ಹೆಸರಿಟ್ಟು ಪ್ರಸಾರ ಮಾಡಿದರು. ಅದು ಸುಳ್ಳೆಂದು ತಿಳಿದ ಮೇಲೆಯೇ ಜನ ಕೆರಳಿ ರೇಡಿಯೋ ಕೇಂದ್ರವಿದ್ದ ಕಟ್ಟಡಕ್ಕೆ ಬೆಂಕಿಯಿಟ್ಟದ್ದು. ಹಲವರು ಸತ್ತರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಾಯಿತಂದೆಯರನ್ನು ಎಚ್ಚರಿಸಲೆಂದು ಕರಾಚಿಯಲ್ಲಿ ಒಂದು ಕಿರುಚಿತ್ರ ತೆಗೆದಿದ್ದರು. ಹುಡುಗರು ಕ್ರಿಕೆಟ್ ಆಡುವ ಬೀದಿ. ಬೈಕಿನಲ್ಲಿ ಬಂದ ಇಬ್ಬರು ಬಾಲಕನೊಬ್ಬನನ್ನು ಎತ್ತಿಕೊಂಡು ಹೋಗುತ್ತಾರೆ. ಒಡನೆಯೇ ಹಿಂದಿರುಗಿ, ಅವನನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. 2018ರಲ್ಲಿ ಉಳಿದ ತುಂಡು ವಾಟ್ಸ್‌ಆಪ್ ಮೂಲಕ ಬೆಂಗಳೂರಿಗೂ ಬಂತು. ಆ ಬೀದಿ ನಮ್ಮ ಕಾಮಾಕ್ಷಿಪಾಳ್ಯದ ಯಾವ ಅಡ್ಡರಸ್ತೆಯಾದರೂ ಆಗಬಹುದಿತ್ತು. ಮಕ್ಕಳಕಳ್ಳರ ವದಂತಿ ಊರೆಲ್ಲ ಹಬ್ಬಿದ್ದ ಆ ದಿನಗಳಲ್ಲಿ, ಮೇ 23ರಂದು, ಇಲ್ಲಿಗೆ ಹೆಚ್ಚು ದೂರವಿಲ್ಲದ ಚಾಮರಾಜಪೇಟೆಯ ಕಡೆ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಕಟ್ಟಿ ಹೊಡೆದು ಕೊಂದರು.

ಇದನ್ನೆಲ್ಲ ಹೇಳಿದೆ. ನಾಟಕಕ್ಕೆ ಬಂದವನು ಟಿಕೆಟ್ಟು ಕೊಂಡಾಗಲೇ ಮೋಸಹೋಗಲು ಒಪ್ಪಿರುತ್ತಾನೆ. ಬಸ್ ನಿಲ್ದಾಣದಲ್ಲಿ ಒಪ್ಪಿದವರು ಯಾರು? ನಿಮ್ಮ ಸುದ್ದಿಯಲ್ಲಿ ಮಗುವೂ ಇಲ್ಲ, ಕಳ್ಳನೂ ಇಲ್ಲ. ಆದರೆ ಗುಂಪಿಗೆ ಕಳ್ಳ ಬೇಕಾಗುತ್ತಾನೆ, ಕನ್ನಡ ಬಾರದ ಕೂಲಿಕಾರನೊಬ್ಬ ಅಲ್ಲೇ ಬಸ್ಸು ಕಾಯುತ್ತ ನಿಂತಿರುತ್ತಾನೆ.

"ಐದೇ ನಿಮಿಷ ಸಾರ್, ಆಮೇಲೆ ನಿಜ ಹೇಳಿಬಿಡುತ್ತೇವೆ" ಎಂದನೊಬ್ಬ.

ಅಷ್ಟರಲ್ಲಿ ಹತ್ತು ಜನ ಕೆಂಗೇರಿಯ ಬಸ್ಸನ್ನೋ ಬಸವೇಶ್ವರನಗರದ ಬಸ್ಸನ್ನೋ ಹತ್ತಿ ಹೋಗಿರುತ್ತಾರೆ. ಅವರೊಡನೆ ಹೋಗುವುದು ಮೊದಲ ಅರ್ಧ ಮಾತ್ರ. ಕರಾಚಿಯ ಚಿತ್ರಕ್ಕೆ ಕತ್ತರಿ ಹಾಕುವವನೊಬ್ಬ ಬೇಕಾಯಿತು. ಇಲ್ಲಿ ಬಸ್ಸೇ ಆ ಕೆಲಸ ಮಾಡುತ್ತದೆ.

ಇಷ್ಟಪಟ್ಟು ಮುಂದೆ ಬಂದವರಿಗೆ, ತಿಂಗಳೊಳಗೆ ಒಂದು ಸುಳ್ಳುಸುದ್ದಿ ಬಂದೀತೆಂದು ತಿಳಿಸಿಯೇ, ನಿಜಸುದ್ದಿಗಳ ನಡುವೆ ಅದನ್ನು ಸೇರಿಸಿ ಓದಲು ಕೊಡಿರೆಂದೆ. ಮಗುವಿನ ಸುದ್ದಿ ಮಾತ್ರ ಬೇಡ. ಇಬ್ಬರು ಒಪ್ಪಿದರು. ಮೂರನೆಯವಳು ಚಪ್ಪಲಿ ಮೆಟ್ಟುತ್ತ, "ಎಚ್ಚರವಾಗಿರುವವರನ್ನು ಪರೀಕ್ಷಿಸಿ ಏನು ತಿಳಿಯುತ್ತದೆ ಸಾರ್?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.