ಅಂಕಿತವಿಲ್ಲದ ನಾದ

ವಚನವೊಂದು ಕಿವಿಗೆ ಬಿದ್ದೊಡನೆ ಅದು ಯಾರದೆಂಬುದನ್ನು ನಾವು ಅಂಕಿತದಿಂದ ತಿಳಿಯುತ್ತೇವೆ. 'ಚೆನ್ನಮಲ್ಲಿಕಾರ್ಜುನ' ಎಂದರೆ ಸಾಕು, ಅಕ್ಕಮಹಾದೇವಿ ಕಣ್ಮುಂದೆ ನಿಲ್ಲುತ್ತಾಳೆ. ಬಿತ್ತರದ ಲೋಕದಲ್ಲಿ ದುಡಿದ ಎಲ್ಲ ಕಲಾವಿದರಿಗೂ ಈ ಭಾಗ್ಯ ಒದಗಲಿಲ್ಲ. ವಿದ್ಯುನ್ಮಾನ ಸಂಗೀತದ ಮೊದಲಿಗರಲ್ಲಿ ಒಬ್ಬರಾದ ಇಂಗ್ಲೆಂಡಿನ ಡೆಲಿಯಾ ಡರ್ಬಿಶೈರ್ ಇದಕ್ಕೆ ನಿದರ್ಶನ.

1937ರಲ್ಲಿ ಕವೆಂಟ್ರಿಯಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಅಭ್ಯಸಿಸಿದರು. ಧ್ವನಿಮುದ್ರಣದ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಡೆಕ್ಕಾ ಕಂಪನಿ 1959ರಲ್ಲಿ ಅವರನ್ನು ಹಿಂದೆ ಕಳಿಸಿತು. ಮರುವರ್ಷ ಬಿ.ಬಿ.ಸಿ.ಯನ್ನು ಸೇರಿದ ಅವರು 1962ರಲ್ಲಿ ಅಲ್ಲಿಯ ರೇಡಿಯೊಫೋನಿಕ್ ವರ್ಕ್‌ಶಾಪಿಗೆ ಬಂದರು. 1958ರಲ್ಲಿ ಆ ವಿಭಾಗ ಆರಂಭವಾಗಲು ಶ್ರಮಿಸಿದವರಲ್ಲಿಯೂ ಡ್ಯಾಫ್ನಿ ಓರಮ್ ಎಂಬ ಮಹಿಳೆಯಿದ್ದರೆಂಬುದು ಗಮನಾರ್ಹ.

1963ರಲ್ಲಿ 'ಡಾಕ್ಟರ್ ಹೂ' ಎಂಬ ದೂರದರ್ಶನ ಧಾರಾವಾಹಿಗಾಗಿ ರಾನ್ ಗ್ರೇನರ್ ಬರೆದ ಸ್ವರಗಳ ಹಾಳೆ ಅವರ ಕೈಸೇರಿತು. ಇಂದಿನ ಸಿಂಥೆಸೈಜರ್ ಆಗ ಅವರಲ್ಲಿರಲಿಲ್ಲ. ಮೀಟಿದ ತಂತಿಯ ದನಿಯನ್ನೂ ವಿದ್ಯುತ್ ಯಂತ್ರಗಳ ನಾದವನ್ನೂ ಟೇಪಿನ ಮೇಲೆ ಮುದ್ರಿಸಿ, ಓಟದ ವೇಗ ಬದಲಿಸಿ ಸ್ವರವನ್ನು ಏರಿಸಿ ಇಳಿಸಿ, ಒಂದೊಂದು ಸ್ವರದ ಟೇಪನ್ನೂ ಅಳೆದು ಕತ್ತರಿಸಿ, ಡಿಕ್ ಮಿಲ್ಸ್ ಎಂಬವರ ನೆರವಿನಿಂದ ಜೋಡಿಸಿದರು. ಕೇಳಿ ಬೆರಗಾದ ಗ್ರೇನರ್ ಕರ್ತೃತ್ವದಲ್ಲಿ ಅವರಿಗೂ ಪಾಲು ಕೊಡಲು ಮುಂದಾದರು. ಆದರೆ ವರ್ಕ್‌ಶಾಪಿನವರು ಅನಾಮಧೇಯರಾಗಿಯೇ ಇರಬೇಕೆಂಬುದು ಸಂಸ್ಥೆಯ ಕಟ್ಟಳೆಯಾಗಿತ್ತು.

ಸ್ವರ ಗ್ರೇನರ್ ಅವರದು, ಈಕೆ ಯಂತ್ರ ನಡೆಸಿದವರಷ್ಟೆ ಎಂದು ಯಾರಾದರೂ ವಾದಿಸಬಹುದು. ನಮ್ಮ ಸೀಮೆಯ ರಸಿಕರು ಈ ವಾದವನ್ನು ಒಪ್ಪಲಾರರೆಂದು ನನ್ನ ನಂಬಿಕೆ. ನಮ್ಮ ಸಂಶಿಯ ನೆರೆಯ ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ವಿದ್ಯೆ ಪಡೆದ ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಅವರು ಎತ್ತಿಕೊಳ್ಳುತ್ತಿದ್ದ ಬಂದಿಶು ಕೆಲವೇ ಸಾಲಿನದು. ಅದನ್ನು ಕಟ್ಟಿದವರು ಬೇರೆ. ಆದರೂ ಅದರಿಂದ ಅರಳಿದ ಖಯಾಲು ಗಂಗೂಬಾಯಿಯವರದೇ ಎನ್ನಲು ನಾವು ಅನುಮಾನಿಸುವೆವೆ? ಬೀಜ ಕೊಟ್ಟವನಿಗೆ ಋಣಿಯಾಗಿರೋಣ. ಉತ್ತು ಬಿತ್ತಿ ಬೆಳೆದವರ ಹೆಸರನ್ನು ಮರೆಯುವುದು ನ್ಯಾಯವಲ್ಲ.

ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಮೂಡಿದ್ದು 2013ರಲ್ಲಿ, ಅದರ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಧಾರವಾಡದ ಆಕಾಶವಾಣಿ 1950ರಿಂದ ನಮ್ಮ ಮನೆಮನೆಗೆ ಹಾಡು ತಂದಿದೆ. ಹಾಡಿದವರ ಹೆಸರು ನಮಗೆ ಗೊತ್ತು. ರಾಗ ಹೊಂದಿಸಿದವರು, ವಾದ್ಯ ನುಡಿಸಿದವರು, ಧ್ವನಿ ಮುದ್ರಿಸಿದವರು ಯಾರು? ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕವಿಚರಿತೆಗಾಗಿ ಪಡುವ ಶ್ರಮದಲ್ಲಿ ಒಂದು ಪಾಲು ಇದಕ್ಕೂ ಸಲ್ಲಬೇಕು.